ಎಡಗಡೆಯ ಗುಳಿ

ಊರಿಗೆಲ್ಲ ಅವನು ಸೀಟುಮಾವ. ಹವ್ಯಾಸಕ್ಕೆ ಗಾಳ ಹಾಕುವವರ ದೋಣಿಗೆ ಸೀಟು ಮಾಡಿಕೊಡುವುದು ಅವನ ಮೂವತ್ತು ವರ್ಷದ ಕಸುಬು. "ಕೂತು ಉಣ್ಣೋನಿಗೆ ಕುಡಿಕೆ ಹೊನ್ನೂ ಸಾಲದಂತೆ. ನನಗೆ ಮಾತ್ರ ನೀವು ಕೂತ್ರೇನೇ ಊಟ," ಎಂದು ಗಿರಾಕಿಗಳನ್ನು ನಗಿಸುತ್ತಿದ್ದ. ಮೀನು ಸಿಗುವುದು ಬಿಡುವುದು ಅವರವರ ಹಣೆಬರಹ, ಸೊಂಟ ಮಾತ್ರ ನೋಯಬಾರದು. ಅಷ್ಟೇ ಅವನ ವೇದಾಂತ.

ಅಂಗಡಿಯ ನಡುವೆ ಒಂದು ಮರದ ಪೆಟ್ಟಿಗೆ, ಅದರ ತುಂಬ ತೇವದ ಮರಳು. ಬಂದವರನ್ನು ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಕೂರಿಸಿ, ಕೈಗೆ ಗಾಳದ ಕೋಲು ಕೊಟ್ಟು, ಅರ್ಧ ಗಂಟೆ ಹರಟೆ ಹೊಡೆಯುತ್ತಿದ್ದ. ಬಿಗಿದ ಮೈ ಸಡಿಲವಾದ ಮೇಲೆ ಬೀಳುವ ಗುಳಿಯೇ ನಿಜವಾದ ಗುಳಿ. ಅದರ ಅಳತೆಗೆ ಫೋಮ್, ಮೊಣಕೈಗೊಂದು ಆಸರೆ, ಪಾದಕ್ಕೊಂದು ಓರೆ ಹಲಗೆ. ಎಡ ಬಲ ಬರೆದುಕೊಳ್ಳುವಾಗ ಮಾತ್ರ ಕೂತವರ ಬೆನ್ನ ಹಿಂದೆಯೇ ನಿಲ್ಲಬೇಕು. ಎದುರು ನಿಂತರೆ ಅವರ ಎಡ ನಮ್ಮ ಬಲವಾಗುತ್ತದೆ.

ಒಂದು ಮಧ್ಯಾಹ್ನ ಗಣಿತದ ಮೇಷ್ಟ್ರ ಹೆಂಡತಿ ಅವರ ದೋಣಿಯ ಹಳೆಯ ಸೀಟನ್ನು ಹೊತ್ತು ತಂದರು. ಮೇಷ್ಟ್ರು ದೋಣಿಯಿಂದ ಕೆರೆಗೆ ಬಿದ್ದು ತೀರಿಕೊಂಡು ತಿಂಗಳಾಗಿತ್ತು. ತಲೆ ಸುತ್ತಿರಬೇಕು ಎಂದು ಎಲ್ಲರೂ ಅಂದಿದ್ದರು. ಹೆಣ ಎತ್ತಿದವರಲ್ಲಿ ಸೀಟುಮಾವನೂ ಒಬ್ಬ.

"ಅಣ್ಣಾ, ಇದನ್ನ ಸರಿ ಮಾಡ್ಕೊಡಿ. ಎಡಕ್ಕೆ ಜಾರುತ್ತಂತೆ."

"ಯಾರಿಗಮ್ಮಾ?"

"ಅವರಿಗೇ. ದಿನಾ ಅದೇ ಹೇಳ್ತಾರೆ."

ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಅಂದುಕೊಂಡ. ಅವರ ಸಮಾಧಾನಕ್ಕೆಂದು ರೆಕ್ಸಿನ್ ಬಿಚ್ಚಿದ. ಮೇಷ್ಟ್ರಿಗೆ ಮೊದಲಿಂದಲೂ ಎಡಸೊಂಟ ತುಸು ಇಳಿದಿತ್ತು, ಕೂತರೆ ಎಡಕ್ಕೆ ವಾಲುತ್ತಿದ್ದರು. ಅದನ್ನು ಎತ್ತಿ ಹಿಡಿಯಬೇಕಾದ ದಪ್ಪ ಫೋಮ್ ಬಲಗಡೆ ಕೂತಿತ್ತು. ಅಳತೆಯ ದಿನ ಮೇಷ್ಟ್ರು ಯಾವುದೋ ತಮಾಷೆ ಹೇಳುತ್ತಿದ್ದರು. ಅವರ ಮುಖ ನೋಡುತ್ತ ನಗುತ್ತ ಇವನು ಎದುರಿಗೇ ನಿಂತು ಬರೆದುಕೊಂಡಿದ್ದ. ವಾಲುವವರನ್ನು ಅವನ ಸೀಟೇ ನೀರಿನ ಕಡೆಗೆ ಇನ್ನಷ್ಟು ವಾಲಿಸಿತ್ತು. ಇದು ಯಾರಿಗೂ ಗೊತ್ತಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಮುಂದೆಯೂ ಗೊತ್ತಾಗುವುದಿಲ್ಲ. ಫೋಮನ್ನು ಮೆಲ್ಲಗೆ ಮೇಜಿನ ಕೆಳಗೆ ತಳ್ಳಿದ.

"ಹೊಸದೇ ಮಾಡೋಣಮ್ಮಾ. ಇನ್ಮೇಲೆ ದೋಣಿ ನೀವೇ ತಗೊಂಡು ಹೋಗ್ತೀರಲ್ಲ? ಬನ್ನಿ, ಅಳತೆಗೆ ಕೂತ್ಕೊಳ್ಳಿ."

"ನಾನ್ಯಾಕೆ ಕೂರಲಿ? ಅವರು ಆಗ್ಲೇ ಕೂತಿದಾರಲ್ಲ."

ತಿರುಗಿ ನೋಡಿದ. ಬೆಳಿಗ್ಗೆ ತಾನೇ ಹಲಗೆ ಎಳೆದು ಮಟ್ಟ ಮಾಡಿದ್ದ ಮರಳಿನಲ್ಲಿ ಎರಡು ಗುಳಿ. ಹಾಳೆ ಇನ್ನೂ ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು. ಎಡಗಡೆಯ ಗುಳಿ ಆಳವಾಗಿತ್ತು, ಅದರ ತಳದಲ್ಲಿ ನೀರು ಜಿನುಗುತ್ತಿತ್ತು. ಕೆರೆಯ ಪಾಚಿಯ ವಾಸನೆ ಅಂಗಡಿಯನ್ನೆಲ್ಲ ತುಂಬಿತು.

ಓಡಿಹೋಗಬೇಕೆನಿಸಿತು. ಆದರೆ ಅಳತೆಗೆ ಕೂತವರನ್ನು ಬಿಟ್ಟು ಅವನು ಎಂದೂ ಎದ್ದು ಹೋದವನಲ್ಲ. ಬಗ್ಗಿ, ಮೇಜಿನ ಕೆಳಗಿನ ಫೋಮನ್ನು ಹೊರಗೆ ತೆಗೆದು ಅವರ ಮುಂದಿಟ್ಟ.

"ಅಮ್ಮಾ, ತಪ್ಪು ನಂದು. ಎಡ ಬಲ ಅದಲು ಬದಲು ಮಾಡಿದೆ. ಮೇಷ್ಟ್ರನ್ನ ಬೀಳಿಸಿದ್ದು ನಾನೇ."

ಅವರು ಆ ಫೋಮನ್ನು ಕೈಗೆತ್ತಿಕೊಂಡರು. ಕಣ್ಣು ತುಂಬಿ ಬಂತು.

"ನನಗೆ ಗೊತ್ತಿರಲಿಲ್ಲ ಅಣ್ಣಾ," ಅಂದರು. "ಜಾರುತ್ತೆ ಅಂತಷ್ಟೇ ಹೇಳಿದ್ರು. ನಿಮ್ಮ ಹೆಸರು ಎತ್ತಲೇ ಇಲ್ಲ."

ಸೀಟುಮಾವ ಅಳುತ್ತಲೇ ಅಳತೆಯ ಪಟ್ಟಿ ಹಿಡಿದು ಈ ಸಲ ಮೇಷ್ಟ್ರ ಬೆನ್ನ ಹಿಂದಕ್ಕೆ ಹೋಗಿ ನಿಂತ. ಗುಳಿಯ ಮರಳು ಇನ್ನೂ ಕುಸಿಯುತ್ತಿತ್ತು.