ಹನ್ನೊಂದು ರೇಡಿಯೇಟರ್‌ಗಳ ಗಾಳಿ

ಜಪಾನಿನ ಸೆಂಡಾಯ್ ಊರಿನ ಆ ಹಳೆಯ ವಿದ್ಯಾರ್ಥಿ ನಿಲಯದ ಕೆಲಸ ನೆನಪಾದರೆ ಈಗಲೂ ಮೈ ಉರಿಯುತ್ತದೆ. ಮೂರಂತಸ್ತಿನ ಕಟ್ಟಡ, ಚಳಿಗೆ ಕೋಣೆ ಬೆಚ್ಚಗಿಡಲು ಕೋಣೆಗೊಂದು ಬೀಡುಕಬ್ಬಿಣದ ರೇಡಿಯೇಟರ್. ನೆಲಮಾಳಿಗೆಯ ಬಾಯ್ಲರ್‌ನಿಂದ ಹಬೆ ಬಂದು ಅವು ಕಾಯುತ್ತಿದ್ದವು. ಹಬೆ ನಿಲ್ಲಿಸಿ, ಅದೇ ರೇಡಿಯೇಟರ್‌ಗಳಲ್ಲಿ ಬಿಸಿನೀರು ಹರಿಸುವುದು ನಮ್ಮ ಕಂಪನಿ ಒಪ್ಪಿಕೊಂಡ ಕೆಲಸ. ಕಾವಾಸಾಕಿ ಊರಿನ ಆಫೀಸಿನಲ್ಲಿ ಕೂತು ನಕ್ಷೆ ಬರೆದವನು ನಾನು. ಹಾಗಾಗಿ ನಿಂತು ಮಾಡಿಸುವ ಕರ್ಮವೂ ನನ್ನ ತಲೆಗೇ ಬಂತು.

ನಕ್ಷೆಯ ಜೊತೆಗಿನ ಲಾಭಗಳ ಪಟ್ಟಿಯಲ್ಲಿ ಒಂದು ಸಾಲು ಬರೆದಿದ್ದೆ: ಹೊಸ ಯಂತ್ರಕ್ಕೆ ಲೈಸೆನ್ಸ್ ಇರುವ ಬಾಯ್ಲರ್ ನಿರ್ವಾಹಕರು ಬೇಕಾಗಿಲ್ಲ. ಬರೆಯುವಾಗ ಅದು ಬರೀ ಸಾಲು. ಮೊದಲ ದಿನ ಸೆಂಡಾಯ್‌ಗೆ ಹೋದಾಗ ಆ ಸಾಲೇ ನೀಲಿ ಸಮವಸ್ತ್ರ ತೊಟ್ಟು, ಬಾಗಿಲಲ್ಲಿ ನಿಂತು, ನನಗೆ ಬಗ್ಗಿ ವಂದಿಸಿತು. ಅಲ್ಲಿನ ಬಾಯ್ಲರ್ ನಿರ್ವಾಹಕರು, ಅರವತ್ತೈದು ದಾಟಿದ ಮನುಷ್ಯ. ಮನಸ್ಸಿನಲ್ಲಿ ನಾನು ಅವರನ್ನು ಬಾಯ್ಲರ್ ಯಜಮಾನರು ಅಂತಲೇ ಕರೆಯುತ್ತಿದ್ದೆ. ನನ್ನ ಕೆಲಸ ಮುಗಿದ ದಿನವೇ ಅವರ ಕೆಲಸವೂ ಮುಗಿಯುತ್ತದೆ ಎಂದು ಅವರಿಗೆ ತಿಳಿಸಿಯಾಗಿತ್ತು. "ಇನ್ನೆರಡು ಚಳಿಗಾಲ ಇಲ್ಲೇ ಕಳೆಯಬೇಕು ಅಂದುಕೊಂಡಿದ್ದೆ," ಎಂದು ಒಮ್ಮೆ ಕೊಂಬಿನಿ ಅಂಗಡಿಯಿಂದ ತಂದ ಅನ್ನದುಂಡೆ ಬಿಚ್ಚುತ್ತಾ ಹೇಳಿದರು.

ಇಂಥವರು ಒಂದಿಷ್ಟು ಅಸಹಕಾರ ತೋರಿಸಬೇಕೋ ಬೇಡವೋ? ತೋರಿಸಿದ್ದರೆ ನನ್ನ ಮನಸ್ಸಾದರೂ ಹಗುರಾಗುತ್ತಿತ್ತು. ಪ್ರತಿ ರೇಡಿಯೇಟರ್‌ನ ಬುಡದಲ್ಲಿ ಹಬೆಯನ್ನು ತಡೆದು ನೀರನ್ನಷ್ಟೇ ಬಿಡುವ ಹಿತ್ತಾಳೆಯ ಟ್ರ್ಯಾಪ್ ಇತ್ತು. ಒಂದೊಂದನ್ನೂ ಬಿಚ್ಚಿ ಒಳಗಿನ ಭಾಗ ತೆಗೆಯದೆ ಬಿಸಿನೀರು ಹರಿಯುವುದಿಲ್ಲ. ಅವರು ಪ್ರತಿಯೊಂದರ ಮುಂದೆಯೂ ನಿಂತು, ಬೆರಳು ತೋರಿಸಿ, "ತೆಗೆದಾಯಿತು, ಸರಿ!" ಎಂದು ಗಟ್ಟಿಯಾಗಿ ಕೂಗಿದ ಮೇಲೆಯೇ ಮುಂದಿನದಕ್ಕೆ ಬಿಡುತ್ತಿದ್ದರು. ಮಧ್ಯಾಹ್ನದೊಳಗೆ ಮುಗಿಯಬೇಕಾದದ್ದು ಮೂರು ದಿನ ಹಿಡಿಯಿತು. ನಕ್ಷೆಯಲ್ಲಿಲ್ಲದ ಒಂದು ಪೈಪು ಗೋಡೆಯೊಳಗೆ ಸಿಕ್ಕಾಗ ತಲೆ ಚಚ್ಚಿಕೊಂಡೆ.

"ಮೊದಲೇ ಹೇಳಬಾರದಿತ್ತೇ?"

"ನೀವು ಕೇಳಲಿಲ್ಲ," ಎಂದರು.

ಹಬೆಗಿಂತ ನೀರಿನ ಒತ್ತಡ ಹೆಚ್ಚು. ಇಷ್ಟು ವರ್ಷ ಸುಮ್ಮನಿದ್ದ ಜಾಯಿಂಟುಗಳೆಲ್ಲ ನೀರು ತುಂಬಿದೊಡನೆ ಸೋರತೊಡಗಿದವು. ಬಕೆಟ್ ಹಿಡಿದು ಓಡಾಡಿದವರು ಅವರೇ. ಮುಂದಿನ ಸೋರಿಕೆ ಎಲ್ಲಿ ಎಂದು ಮೊದಲೇ ಹೇಳಿ, ಅಲ್ಲಿ ಬಟ್ಟೆ ಸುತ್ತಿಡುತ್ತಿದ್ದರು. ತಮ್ಮ ತಲೆಯ ಮೇಲೆ ತಾವೇ ಚಪ್ಪಡಿ ಎಳೆದುಕೊಳ್ಳುವವರನ್ನು ಕಂಡಿದ್ದೇನೆ. ಅದರ ಅಳತೆಯನ್ನೂ ತಾವೇ ಸರಿಯಾಗಿ ತೆಗೆದುಕೊಡುವವರನ್ನು ಕಂಡದ್ದು ಅಲ್ಲೇ.

ಕೊನೆಗೆ ನಾನೊಂದು ಉಪಾಯ ಹೂಡಿದೆ. ಬಿಸಿನೀರಿನ ವ್ಯವಸ್ಥೆಯಲ್ಲಿ ಗಾಳಿ ಮೇಲೇರಿ, ಮೇಲಂತಸ್ತಿನ ರೇಡಿಯೇಟರ್‌ಗಳ ತಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಅದನ್ನು ಬಿಡದಿದ್ದರೆ ರೇಡಿಯೇಟರ್ ಅರ್ಧ ತಣ್ಣಗೇ ಉಳಿಯುತ್ತದೆ. ತಾವಾಗಿಯೇ ಗಾಳಿ ಬಿಡುವ ವಾಲ್ವ್‌ಗಳನ್ನು ತರಿಸಿಯಾಗಿತ್ತು. ಹನ್ನೊಂದು ಕಡೆ ಅವನ್ನು ಹಾಕಿಸದೆ, ಕೈಯಿಂದ ತಿರುಗಿಸುವ ಪುಟ್ಟ ಕೀಲಿಯ ವಾಲ್ವ್ ಹಾಕಿಸಿದೆ. ನಿರ್ವಹಣೆಯ ಹಾಳೆಯಲ್ಲಿ, "ಚಳಿಗಾಲದಲ್ಲಿ ದಿನವೂ ಬೆಳಿಗ್ಗೆ, ಈ ಕಟ್ಟಡ ಬಲ್ಲವರೊಬ್ಬರು ಗಾಳಿ ಬಿಡಬೇಕು" ಎಂದು ಬರೆದೆ. ಬಲ್ಲವರು ಊರಿಗೆಲ್ಲ ಒಬ್ಬರೇ, ನಮ್ಮ ಯಜಮಾನರು.

ಹೆಂಡತಿಗೆ ಫೋನಿನಲ್ಲಿ ಹೇಳಿದರೆ, "ಬೇಕಂತಲೇ ಡಿಫೆಕ್ಟ್ ಬಿಟ್ರಾ? ಅದೂ ಜಪಾನ್‌ನಲ್ಲಿ?" ಎಂದು ನಕ್ಕಳು.

"ಡಿಫೆಕ್ಟ್ ಅಲ್ಲ ಕಣೆ, ಸ್ವಲ್ಪ ಅಡ್ಜಸ್ಟ್‌ಮೆಂಟ್," ಎಂದೆ. ನನಗೆ ನನ್ನ ಬುದ್ಧಿಯ ಮೇಲೆ ಹೆಮ್ಮೆಯೇ ಆಗಿತ್ತು.

ಕೆಲಸ ಒಪ್ಪಿಸುವ ಮುನ್ನ ಅಲ್ಲೊಂದು ಪದ್ಧತಿ ಇದೆ. ತಪಾಸಣೆ ಮಾಡುವವರು ಕಟ್ಟಡ ಸುತ್ತಿ, ಕುಂದು ಕಂಡಲ್ಲೆಲ್ಲ ಬಣ್ಣದ ಟೇಪಿನ ಚೂರು ಅಂಟಿಸುತ್ತಾರೆ. ಟೇಪು ಬಿದ್ದದ್ದನ್ನು ಸರಿಪಡಿಸದೆ ಬಿಡುಗಡೆಯಿಲ್ಲ. ಆ ಬೆಳಿಗ್ಗೆ ಮೂರನೇ ಅಂತಸ್ತಿಗೆ ಹೋದೆ. ಹನ್ನೊಂದು ರೇಡಿಯೇಟರ್‌ಗಳ ಮೇಲೂ ನೀಲಿ ಟೇಪು! ಕಾರಿಡಾರಿನ ತುದಿಯಲ್ಲಿ ಟೇಪಿನ ಸುರುಳಿ ಹಿಡಿದು ಯಜಮಾನರು ನಿಂತಿದ್ದರು. ನಿಲಯದ ಆಫೀಸಿನವರು ತಪಾಸಣೆಯನ್ನು ಅವರಿಗೇ ವಹಿಸಿದ್ದರು.

"ಸುಮಿಮಾಸೆನ್," ಎಂದು ಕ್ಷಮೆ ಕೇಳಿದರು. "ಮೇಲ್ಭಾಗ ತಣ್ಣಗಿದೆ."

ನನ್ನ ಸಹನೆ ಮುಗಿಯಿತು. ಕಲಿತ ಜಪಾನಿ ಮರ್ಯಾದೆಯೆಲ್ಲ ಮರೆತು, "ಅದು ನಿಮಗಾಗಿಯೇ ಬಿಟ್ಟದ್ದು! ಇಷ್ಟೂ ಅರ್ಥವಾಗಲಿಲ್ಲವೇ?" ಎಂದು ಕೂಗಿದೆ.

"ಅರ್ಥವಾಯಿತು. ನಿಮ್ಮ ಹಾಳೆ ಓದಿದೆ," ಎಂದರು ಅವರು. ಟೇಪಿನ ಅಂಚನ್ನು ಉಗುರಿನಿಂದ ಕೆರೆದರು. "ನನಗೆ ಜ್ವರ ಬಂದ ದಿನ ಈ ಹನ್ನೊಂದು ಕೋಣೆಯ ಮಕ್ಕಳು ಏನು ಮಾಡಬೇಕು?"

ನನಗೆ ಬಂದದ್ದು ಸಿಟ್ಟೇ. ಅವರ ಮೇಲೆ, ಆ ಹಾಳು ಕಬ್ಬಿಣದ ಮೇಲೆ, ಒಬ್ಬರ ಹೊಟ್ಟೆಯ ಮೇಲೆ ಹೊಡೆದು ಅದನ್ನು ಲಾಭ ಎಂದು ಬರೆದ ನನ್ನ ಕೈಯ ಮೇಲೆ. ದಡಬಡ ಸದ್ದು ಮಾಡುತ್ತಾ ಒಂದೊಂದೇ ವಾಲ್ವ್ ಬದಲಾಯಿಸಿದೆ. ಅವರು ಹಿಂದೆಯೇ ಬಂದು, ಪ್ರತಿ ರೇಡಿಯೇಟರ್‌ನ ನೆತ್ತಿಗೆ ಅಂಗೈ ಇಟ್ಟು, ಬೆಚ್ಚಗಾದ ಮೇಲೆ ಟೇಪು ಕಿತ್ತರು.

ಸಂಜೆ ಹಸ್ತಾಂತರದ ಹಾಳೆ ಅವರ ಮುಂದಿಟ್ಟೆ. ಪರಿಶೀಲಿಸಿದವರು ಎಂಬಲ್ಲಿ ತಮ್ಮ ಹೆಸರಿನ ಮುದ್ರೆ ಒತ್ತಿದರು. ಅದರ ಕೆಳಗೆ, ಇನ್ನು ಮುಂದಿನ ಬಾಯ್ಲರ್ ನಿರ್ವಾಹಕರು ಎಂಬ ಕಾಲಂ ಖಾಲಿಯಿತ್ತು. ಅವರು ಜೇಬಿನಿಂದ ಸ್ಕೇಲು ತೆಗೆದು, ಆ ಕಾಲಮಿನ ಉದ್ದಕ್ಕೂ, ಯಾರೂ ಇಲ್ಲ ಎಂಬಂತೆ, ಒಂದು ನೇರ ಗೆರೆ ಎಳೆದು, ಹಾಳೆಯನ್ನು ಎರಡೂ ಕೈಯಿಂದ ನನಗೆ ಕೊಟ್ಟರು.