ಜೂನ್ ಒಂದರ ಹೋಳಿಗೆ

ಬಿಜ್ಜರಗಿ ಶಾಲೆಯ ದಾಖಲೆಯನ್ನು ನಂಬುವುದಾದರೆ ಊರಿನ ಅರ್ಧ ಜನ ಹುಟ್ಟಿದ್ದು ಜೂನ್ ಒಂದಕ್ಕೆ. ಸೂಲಗಿತ್ತಿಯರಿಗೆ ಆ ದಿನ ನೀರು ಕುಡಿಯಲೂ ಪುರಸೊತ್ತು ಇದ್ದಿರಲಿಕ್ಕಿಲ್ಲ. ಶಿವಲಿಂಗನೂ ಆ ಗುಂಪಿನವನೇ. ಆದರೆ ಅವನು ನಿಜವಾಗಿ ಹುಟ್ಟಿದ್ದು 2002ರ ಜನವರಿಯಲ್ಲಿ, ಪುಣೆಯ ಆಸ್ಪತ್ರೆಯೊಂದರಲ್ಲಿ. ತಾಯಿ ಮಹಾನಂದಾ ಅಲ್ಲಿಯೇ ನರ್ಸು. ತಂದೆ ಯುನುಸ ಸುಡಾನ್ ದೇಶದವನು. ಓದಲೆಂದು ಪುಣೆಗೆ ಬಂದವನು, ಫುಟ್‌ಬಾಲ್ ಎಂದರೆ ಊಟ ಬಿಡುವವನು.

ಮಗನಿಗೆ ನಾಲ್ಕು ತುಂಬಿದಾಗ ಯುನುಸ ಹಾಸಿಗೆ ಹಿಡಿದ ತಾಯಿಯನ್ನು ನೋಡಲು ತನ್ನ ದೇಶಕ್ಕೆ ಹೋದ. ಹೋದವನಿಗೆ ಮರಳಿ ವೀಸಾ ಸಿಗಲಿಲ್ಲ. ಮೊದಮೊದಲು ವಾರಕ್ಕೊಮ್ಮೆ ಫೋನು ಬರುತ್ತಿತ್ತು, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ನಂಬರೇ ಹತ್ತಲಿಲ್ಲ. ಕೊನೆಯ ಫೋನಿನಲ್ಲಿ ಅವನು ಆಡಿದ ಮಾತನ್ನು ಮಹಾನಂದಾ ಮಗನಿಗೆ ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ. ಮಗ ಭಾರತದ ಅಂಗಿ ತೊಟ್ಟು ಆಡಿದರೆ ತಾನು ಯಾವ ಮೂಲೆಯಲ್ಲಿದ್ದರೂ ಹುಡುಕಿ ನೋಡುತ್ತೇನೆ ಎಂದಿದ್ದನಂತೆ. ಆ ಮಾತನ್ನು ಹಿಡಿದುಕೊಂಡೇ ಹುಡುಗ ಬೆಳೆದ.

ಗಂಡ ಹೋದ ಮೇಲೆ ಮಹಾನಂದಾ ಮಗನನ್ನು ಬಿಜ್ಜರಗಿಗೆ ತಂದು ತನ್ನ ತಾಯಿ ರಾಚವ್ವನ ಹತ್ತಿರ ಬಿಟ್ಟು ಪುಣೆಯ ಕೆಲಸಕ್ಕೆ ಮರಳಿದಳು. ರಾಚವ್ವನಿಗೆ ಮೂವತ್ತು ಕುರಿ. ಬೆಳಗಾದರೆ ಅವುಗಳ ಹಿಂದೆ ಹೋಗುವವಳು ಮೊಮ್ಮಗನನ್ನು ಯಾರ ಕೈಗೆ ಕೊಟ್ಟು ಹೋಗಬೇಕು? ಸೀದಾ ಶಾಲೆಗೆ ಕರೆದೊಯ್ದಳು. ಹುಡುಗ ತಂದೆಯ ಹಾಗೆ ಎತ್ತರ. ಭಾಗಪ್ಪ ಮಾಸ್ತರು ವಯಸ್ಸು ಕೇಳಿದರು.

“ಆರು ಅಂತ ಬರಕೋರಿ ಮಾಸ್ತರ, ಮಧ್ಯಾಹ್ನ ಬಿಸಿ ಅನ್ನಾನರ ಉಣ್ತಾನ” ಎಂದಳು ರಾಚವ್ವ.

ಮಾಸ್ತರು ಮೃದು ಮನಸ್ಸಿನವರು. 2000ದ ಜೂನ್ ಒಂದು ಎಂದು ಬರೆದುಕೊಂಡರು. ಹುಡುಗನಿಗೆ ಒಂದೂವರೆ ವರ್ಷ ಹೆಚ್ಚಾಯಿತು. ಅದರಿಂದ ಯಾರ ಗಂಟು ಹೋಗುತ್ತದೆ ಎಂದು ಎಲ್ಲರೂ ಮರೆತರು.

ಹೈಸ್ಕೂಲಿಗೆ ವಿಜಯಪುರದ ಹಾಸ್ಟೆಲ್ ಸೇರಿದಾಗ ಅವನ ಆಟ ಕೋಚ್ ಅಬ್ದುಲಸಮದರ ಕಣ್ಣಿಗೆ ಬಿತ್ತು. ಚೆಂಡು ಕಾಲಿಗೆ ಬರುವ ಮೊದಲೇ ಹುಡುಗ ಹೊರಳಿ ಹಿಂದೆ ನೋಡುತ್ತಿದ್ದ. ಇದನ್ನು ಯಾರು ಕಲಿಸಿದರು ಎಂದು ಕೋಚ್ ಕೇಳಿದರೆ, ಕುರಿಗಳು ಎಂದ. ಮುಂದೆ ನಡೆಯುತ್ತಲೇ ಹಿಂದುಳಿದ ಮರಿಯ ಮೇಲೆ ಕಣ್ಣಿಡುವವನಿಗೆ ಮಿಡ್‌ಫೀಲ್ಡ್‌ನ ಆಟ ಹೊಸದೇನಲ್ಲ. ಕೋಚ್ ಅವನನ್ನು ಮೈದಾನದ ನಟ್ಟನಡುವೆಯೇ ನಿಲ್ಲಿಸಿದರು. ಹತ್ತೊಂಬತ್ತಕ್ಕೆ ಗೋವಾದ ಕ್ಲಬ್ಬೊಂದು ಸಂಬಳ ಕೊಟ್ಟು ಕರೆಯಿತು. ಅಂಗಿಯ ಬೆನ್ನಿಗೆ ಅವನು ತಂದೆಯ ಹೆಸರು ಬರೆಸಿದ.

2023ರಲ್ಲಿ ಇಪ್ಪತ್ಮೂರರೊಳಗಿನವರ ಭಾರತ ತಂಡದ ಶಿಬಿರಕ್ಕೆ ಅವನ ಹೆಸರು ಕೇಳಿಬಂತು, ಪತ್ರಿಕೆಗಳಲ್ಲೂ ಅಂಗಿಯ ಮೇಲಿನ ‘ಯುನುಸ’ ಎಂಬ ಹೆಸರಷ್ಟೇ ಬಂತು. ಆದರೆ 2001ರ ಜನವರಿಯ ಈಚೆ ಹುಟ್ಟಿದವರಿಗೆ ಮಾತ್ರ ಅಲ್ಲಿ ಪ್ರವೇಶ. ಮಹಾನಂದಾ ಪುಣೆಯಿಂದ ಜನ್ಮದಾಖಲೆ ತಂದುಕೊಟ್ಟಳು. ಶಿಬಿರದ ಅಧಿಕಾರಿ ಅದನ್ನೂ ಶಾಲೆಯ ದಾಖಲೆಯನ್ನೂ ಅಕ್ಕಪಕ್ಕ ಇಟ್ಟುಕೊಂಡು ನಕ್ಕ. ವಯಸ್ಸು ಇಳಿಸಿಕೊಂಡು ಬರುವ ಆಟಗಾರರನ್ನು ಅವನು ಸಾಕಷ್ಟು ನೋಡಿದ್ದ. ಆಧಾರ್, ಪಾಸ್‌ಪೋರ್ಟ್ ಎಲ್ಲದರಲ್ಲೂ ಜೂನ್ ಒಂದೇ ಇತ್ತು. ಹೆಚ್ಚು ಎಳೆದಾಡಿದರೆ ವಯಸ್ಸಿನ ಮೋಸ ಎಂದು ಆಟದಿಂದಲೇ ಹೊರಗೆ ಹಾಕುತ್ತಾರೆ, ಆ ಕಾಗದ ಒಳಗಿಡು ಎಂದು ಕ್ಲಬ್ಬಿನವರೂ ಹೇಳಿದರು. ಒಂದೇ ಒಂದು ನಿಜದ ಕಾಗದ, ಅದೇ ಸುಳ್ಳಾಗಿ ಹೋಯಿತು. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ಶಿವಲಿಂಗ ಅಂದು ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಅತ್ತ.

ಮರುವರ್ಷದ ಮಾರ್ಚಿನಲ್ಲಿ ಕೈರೋದಿಂದ ಅವನಿಗೊಂದು ಸಂದೇಶ ಬಂತು. ಬರೆದವನು ಉಮರ, ಯುನುಸನ ತಮ್ಮ. ಸುಡಾನಿನ ಯುದ್ಧಕ್ಕೆ ಹೆದರಿ ಮನೆ ಬಿಟ್ಟು ಅಣ್ಣತಮ್ಮಂದಿರು ಅಲ್ಲಿ ಸೇರಿದ್ದರಂತೆ. ಶಿಬಿರದ ಸುದ್ದಿಯಲ್ಲಿ ತನ್ನ ಹೆಸರು ಕಂಡ ಯುನುಸ ಕಾಯಿಲೆಯಲ್ಲಿ ಮಲಗಿದ್ದರೂ ದಿನವೂ ತಮ್ಮನ ಫೋನು ಕೇಳಿ ಪಡೆದು ಭಾರತ ತಂಡದ ಪಟ್ಟಿ ಹುಡುಕುತ್ತಿದ್ದ. ನನ್ನ ಮಗನೇ ಇರಬೇಕು ಎನ್ನುತ್ತಿದ್ದ. ಪಟ್ಟಿಯಲ್ಲಿ ಹೆಸರು ಬರದಿದ್ದಾಗ, ಇವನು ಬೇರೆ ಯಾರೋ ಎಂದು ಸುಮ್ಮನಾದ. ಫೆಬ್ರವರಿಯಲ್ಲಿ ತೀರಿಕೊಂಡ. ಅವನು ಹೋದ ಮೇಲೆ ಉಮರ ಕ್ಲಬ್ಬಿನ ಪುಟದಲ್ಲಿ ಹುಡುಗನ ಮುಖ ನೋಡಿದ. ಅಣ್ಣನದೇ ಮುಖ.

ಆ ವರ್ಷವೂ ಜೂನ್ ಒಂದಕ್ಕೆ ಶಿವಲಿಂಗ ಬಿಜ್ಜರಗಿಗೆ ಹೋದ. ರಾಚವ್ವ ಪ್ರತಿ ವರ್ಷದಂತೆ ಹೋಳಿಗೆ ಮಾಡಿದ್ದಳು. ಮಾಸ್ತರು ಬರೆದ ತಾರೀಖೇ ಅವಳಿಗೆ ಮೊಮ್ಮಗನ ಹುಟ್ಟುಹಬ್ಬ. ತುಪ್ಪ ಸುರಿಯುತ್ತ ಕೇಳಿದಳು.

“ನಿಮ್ಮಪ್ಪ ನೋಡಿದನೇನೋ ನೀ ಆಡೂದು?”

“ನೋಡ್ಯಾನ ಆಯಿ.”

ಮುದುಕಿಯ ಮುಖ ಅರಳಿತು. “ಮತ್ತ? ನಾ ಅವತ್ತ ಆರು ಅಂತ ಬರಸಿ ಸಾಲಿಗಿ ಹಾಕಿದ್ದಕ್ಕ ಇದೆಲ್ಲಾ ಆತು.”

“ಹೌದ ಆಯಿ” ಎಂದು ಶಿವಲಿಂಗ ಇನ್ನೊಂದು ಹೋಳಿಗೆಗೆ ತಾಟು ಮುಂದೆ ಮಾಡಿದ.