ನಮಗೆ ಬೆಲ್ಲ ನೀರು ಬೇಡ

ವಿಮಾನ ಬೀಳಬಹುದಿತ್ತು. ವಿಮಾನ ಬೀಳದಿದ್ದರೂ ನಮ್ಮ ಪೆಟ್ಟಿಗೆಗಳು ಬೇರೊಂದು ದೇಶಕ್ಕೆ ಹೋಗಿ ಅಲ್ಲಿ ಸುಖವಾಗಿ ಇದ್ದುಬಿಡಬಹುದಿತ್ತು. ಪೆಟ್ಟಿಗೆಗಳು ಸರಿಯಾಗಿಯೇ ಬಂದು, ಅವುಗಳೊಳಗಿನ ಹಲಸಿನ ಹಪ್ಪಳವನ್ನು ಬೆಳಕಿಗೆ ಹಿಡಿದು ನೋಡಿದ ಅಧಿಕಾರಿಯೊಬ್ಬ ನಮ್ಮನ್ನು ಪ್ರತ್ಯೇಕ ಕೋಣೆಗೆ ಕರೆದುಕೊಂಡು ಹೋಗಬಹುದಿತ್ತು. ಆ ಕೋಣೆಯಲ್ಲಿ ನನಗೆ ಬರುವ ಅಷ್ಟಿಷ್ಟು ಇಂಗ್ಲಿಷೂ ಕೈಕೊಡಬಹುದಿತ್ತು. ಹೆಂಡತಿಗೆ ಸಿಕ್ಕಿದ ನರ್ಸ್ ಕೆಲಸ ತಿಂಗಳೊಳಗೆ ಹೋಗಬಹುದಿತ್ತು. ಹೋಗದಿದ್ದರೆ, ದುಡಿಯುವ ಹೆಂಡತಿಗೆ ಮನೆಯಲ್ಲಿ ಕೂತ ಗಂಡ ಸಸಾರವಾಗಬಹುದಿತ್ತು. ಚಳಿಗೆ ನನ್ನ ಮೊಣಕಾಲು ಹಿಡಿದುಕೊಳ್ಳಬಹುದಿತ್ತು. ಒಣಮೀನು ಹುರಿದ ವಾಸನೆಗೆ ಅಗ್ನಿಶಾಮಕದವರು ಬರಬಹುದಿತ್ತು. ಕುಚ್ಚಲಕ್ಕಿ ಸಿಗದೆ ನಾವು ಮೊದಲು ಸೊರಗಿ, ಆಮೇಲೆ ಜಗಳವಾಡಿ, ಕೊನೆಗೆ ಬ್ರೆಡ್ಡಿಗೆ ಶರಣಾಗಬಹುದಿತ್ತು. ಬಂಟ್ವಾಳದ ನಮ್ಮ ಮನೆಗೆ ಬಂದ ಬಾಡಿಗೆಯವರು ದೇವರ ಕೋಣೆಯಲ್ಲಿ ವ್ಯಾಯಾಮದ ಯಂತ್ರ ಇಡಬಹುದಿತ್ತು. ಐವತ್ತರ ಹತ್ತಿರ ಬಂದು ದೇಶ ಬಿಟ್ಟವರನ್ನು ನೋಡಿ ಊರವರು ನಗಬಹುದಿತ್ತು. ನಗದೆ, ಒಂದೇ ವಾರದಲ್ಲಿ ಮರೆತೇ ಬಿಡಬಹುದಿತ್ತು. ನನಗೆ ಹೆಚ್ಚು ಹೆದರಿಕೆ ಇದ್ದದ್ದು ಇದರದ್ದೇ.

ಇಷ್ಟೆಲ್ಲ ಯೋಚಿಸಿದ್ದಕ್ಕೆ ನನ್ನನ್ನು ಬೈಯುವ ಮೊದಲು ನನ್ನ ಕಸುಬು ಯಾವುದೆಂದು ಹೇಳಬೇಕು. ನಾನು ಜೀವವಿಮೆಯ ಏಜೆಂಟನಾಗಿದ್ದವನು. ವಿಟ್ಲದ ಕಡೆಯ ಎಷ್ಟೋ ಜಗಲಿಗಳಲ್ಲಿ ಕೂತು, ಗಟ್ಟಿಮುಟ್ಟಾದ ಮನುಷ್ಯನೊಬ್ಬನಿಗೆ ಅವನದೇ ಮನೆಯ ಚಹಾ ಕುಡಿಯುತ್ತಾ ಅವನ ಸಾವನ್ನು ವಿವರಿಸಿದವನು. ಬೇರೆಯವರಿಗೆ ಮಾರಿ ಉಳಿದ ಹೆದರಿಕೆಯನ್ನು ಮನೆಗೆ ತರುತ್ತಿದ್ದೆ. ಮಕ್ಕಳಿಲ್ಲದ ಮನೆಯಾದ್ದರಿಂದ ಅದನ್ನು ಇಡಲಿಕ್ಕೆ ಜಾಗವೂ ಧಾರಾಳ ಇತ್ತು.

ಹೆದರಿದ್ದರಲ್ಲಿ ಒಂದೂ ಆಗಲಿಲ್ಲ. ಐರ್ಲೆಂಡಿನ ಒಂದು ಸಣ್ಣ ಊರಿನಲ್ಲಿ, ವಯಸ್ಸಾದವರನ್ನು ನೋಡಿಕೊಳ್ಳುವ ಕೇರ್ ಹೋಮ್ ಒಂದರಲ್ಲಿ ಹೆಂಡತಿ ಕೆಲಸಕ್ಕೆ ಸೇರಿದಳು. ಕುಚ್ಚಲಕ್ಕಿ ಮಲಯಾಳಿಯೊಬ್ಬರ ಅಂಗಡಿಯಲ್ಲಿ ಸಿಕ್ಕಿತು. ಮಳೆಯ ವಿಷಯದಲ್ಲಂತೂ ಅಲ್ಲಿಯವರು ಸುಮ್ಮನೆ ಹೆದರಿಸಿದ್ದರು. ಚಾರ್ಮಾಡಿಯ ಬುಡದಲ್ಲಿ ಆಷಾಢ ಕಳೆದವರಿಗೆ ಅದು ಮಳೆಯಲ್ಲ, ಆಕಾಶಕ್ಕೆ ಬಂದ ಸಣ್ಣ ಶೀತ. ನನಗೂ ಒಂದು ದೊಡ್ಡ ಅಂಗಡಿಯಲ್ಲಿ ಕಪಾಟು ತುಂಬಿಸುವ ಕೆಲಸ ಸಿಕ್ಕಿತು. ಹಾಲಿನ ಡಬ್ಬಗಳ ಹಿಂದೆ ಇನ್ನಷ್ಟು ಹಾಲಿನ ಡಬ್ಬಗಳನ್ನು ಇಡುವುದು. ಯಾರ ಸಾವಿನ ಬಗ್ಗೆಯೂ ಮಾತಾಡಬೇಕಾಗಿಲ್ಲ ಎನ್ನುವುದೇ ಆ ಕೆಲಸದ ದೊಡ್ಡ ಸುಖ.

ಹೆಂಡತಿ ಮೊದಲ ವಾರದಲ್ಲಿ ಒಮ್ಮೆ ಮಾತ್ರ ಬೈಸಿಕೊಂಡಳು. ಒಬ್ಬ ಅಜ್ಜಿಯ ಕೋಣೆಗೆ ಬಾಗಿಲು ತಟ್ಟದೆ ಹೋಗಿದ್ದಳು.

"ಬಾಗಿಲು ತೆರೆದೇ ಇತ್ತು ಮಾರಾಯ್ರೆ," ಎಂದಳು ಮನೆಗೆ ಬಂದು. "ಅಜ್ಜಿಗೆ ಕಿವಿಯೂ ಕೇಳುವುದಿಲ್ಲ. ನಾನು ಯಾರಿಗೆ ತಟ್ಟುವುದು?"

"ಬಾಗಿಲಿಗೆ," ಎಂದೆ ನಾನು.

ಅಲ್ಲಿಯ ಮೊದಲ ನಿಯಮವೇ ಅದಂತೆ. ತೆರೆದಿರಲಿ, ಮುಚ್ಚಿರಲಿ, ಒಳಗಿದ್ದವರಿಗೆ ಕೇಳಲಿ, ಕೇಳದಿರಲಿ, ಎರಡು ಸಲ ಮೆಲ್ಲ ತಟ್ಟಿ, ತಲೆಯನ್ನು ಸ್ವಲ್ಪ ವಾಲಿಸಿ, ನಕ್ಕು, ಆಮೇಲೆ ಒಳಗೆ ಹೋಗಬೇಕು. ಹೆಂಡತಿ ಕೆಲವು ದಿನ ಗೊಣಗಿದಳು, ಆಮೇಲೆ ಕಲಿತಳು. ಎಷ್ಟು ಚೆನ್ನಾಗಿ ಕಲಿತಳೆಂದರೆ ನಮ್ಮದೇ ಬಚ್ಚಲಿನ ಬಾಗಿಲು ತಟ್ಟಿ, ಒಳಗೆ ಯಾರೂ ಇಲ್ಲದಿದ್ದರೂ ಕಾದು ನಿಲ್ಲುತ್ತಿದ್ದಳು.

ನಮ್ಮ ಬಾಗಿಲನ್ನು ಮಾತ್ರ ಯಾರೂ ತಟ್ಟಲಿಲ್ಲ. ಹೋದ ಹೊಸತರಲ್ಲಿ ಹೆಂಡತಿ ಒಂದು ಡಬ್ಬದಲ್ಲಿ ಬೆಲ್ಲವನ್ನು ತುಂಡು ಮಾಡಿ ಇಟ್ಟಿದ್ದಳು. ನಮ್ಮ ಕಡೆ ಮನೆಗೆ ಬಂದವರಿಗೆ ಕೂತ ಕೂಡಲೇ ಒಂದು ತಟ್ಟೆಯಲ್ಲಿ ಬೆಲ್ಲ, ಒಂದು ಚೆಂಬಿನಲ್ಲಿ ನೀರು ಕೊಡುವ ಕ್ರಮ. ಈಗ ಹೆಚ್ಚಿನ ಮನೆಗಳಲ್ಲಿ ಬಣ್ಣದ ಶರಬತ್ತು ಬಂದಿದೆ, ಆದರೆ ಹೆಂಡತಿಯ ಅಕ್ಕನ ಮನೆಯಲ್ಲಿ ಇನ್ನೂ ಬೆಲ್ಲವೇ. ಐರ್ಲೆಂಡಿನಲ್ಲಿ ಪಕ್ಕದ ಮನೆಯ ಹೆಂಗಸು ಒಂದು ಕಪ್ ಚಹಾಕ್ಕೆ ಬರುವುದಾದರೂ ಮೂರು ವಾರ ಮೊದಲೇ ಸಂದೇಶ ಕಳಿಸಿ ದಿನ ಗೊತ್ತು ಮಾಡುತ್ತಿದ್ದಳು. ಬಂದ ದಿನ ಬೆಲ್ಲವನ್ನು ಚಹಾಕ್ಕೆ ಹಾಕಿ, ಕರಗದಿದ್ದಾಗ ಚಮಚದಿಂದ ಕುಟ್ಟಿ, ಬಹಳ ಚೆನ್ನಾಗಿದೆ ಎಂದಳು. ಉಳಿದ ಬೆಲ್ಲವನ್ನು ನಾನೇ ತಿಂದು ಮುಗಿಸಿದೆ. ಒಂದು ವರ್ಷದ ಹೊತ್ತಿಗೆ, ಹೇಳದೆ ಕೇಳದೆ ಕರೆಗಂಟೆ ಬಾರಿಸಿದರೆ ನಾವು ಉಸಿರು ಹಿಡಿದು ಸೋಫಾದಲ್ಲಿ ಅಲ್ಲಾಡದೆ ಕೂರುವಷ್ಟು ಹೊಂದಿಕೊಂಡಿದ್ದೆವು.

ಈ ಬೆಲ್ಲದ ಹಿಂದೆ ಒಂದು ಕಥೆ ಉಂಟು. ಹೆಂಡತಿಯ ತಾಯಿ ಬೇಗ ತೀರಿಕೊಂಡದ್ದರಿಂದ ಅವಳನ್ನು ಸಾಕಿದ್ದು ಅಕ್ಕ. ಅವಳನ್ನು ನರ್ಸಿಂಗ್ ಓದಿಸಿದ್ದು ಅಕ್ಕನ ಹೊಲಿಗೆ ಯಂತ್ರ. ಬೆಳ್ತಂಗಡಿ ಪೇಟೆಗೆ ತಾಗಿದ ಲಾಯಿಲದಲ್ಲಿ ಆಕೆ ಈಗಲೂ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಾರೆ. ನಾವು ಹೊರಡುವ ಮೊದಲು ಹೇಳಿ ಬರಲು ಹೋದಾಗ ಕೈಯಲ್ಲಿದ್ದ ಬಟ್ಟೆಯಿಂದ ತಲೆ ಎತ್ತದೆ ಅಕ್ಕ ಹೇಳಿದ್ದು ಇಷ್ಟೇ: "ಹೋಗಿ ಬನ್ನಿ. ಇನ್ನು ಬರುವಾಗ ನಿಮಗೂ ಬೆಲ್ಲ ನೀರು ಇಡ್ತೇನೆ."

ನಗುತ್ತಲೇ ಹೇಳಿದ್ದು. ನಾನೂ ನಕ್ಕೆ. ಹೆಂಡತಿ ನಗಲಿಲ್ಲ. ಬಂಟ್ವಾಳದಲ್ಲಿ ಬಸ್ಸಿನಿಂದ ಇಳಿಯುವಾಗ, "ಅಕ್ಕ ನನ್ನನ್ನು ನೆಂಟರ ಲೆಕ್ಕಕ್ಕೆ ಹಾಕಿ ಆಯ್ತು," ಎಂದಳು. ಮನೆಯವರಿಗೆ ಯಾರೂ ಬೆಲ್ಲ ನೀರು ಕೊಡುವುದಿಲ್ಲ. ಮನೆಯವರು ಹಿತ್ತಲಿನಿಂದ ಬಂದು ಪಾತ್ರೆಯ ಮುಚ್ಚಳ ತೆಗೆದು ಇವತ್ತು ಎಂತ ಪದಾರ್ಥ ಎಂದು ನೋಡುತ್ತಾರೆ.

ಹಾಗಾಗಿ ಎರಡೂವರೆ ವರ್ಷದ ನಂತರ ಮೊದಲ ರಜೆಗೆ ಬರುವಾಗ ಅವಳಿಗೆ ಇದ್ದದ್ದು ಒಂದೇ ಚಿಂತೆ. ಅಕ್ಕ ಬೆಲ್ಲದ ತಟ್ಟೆ ಹಿಡಿದುಕೊಂಡು ಬರಬಾರದು. ಇಷ್ಟು ವರ್ಷ ಚಿಂತೆಯ ಖಾತೆ ನನ್ನ ಕೈಯಲ್ಲಿತ್ತು. ಅದನ್ನು ಅವಳು ತೆಗೆದುಕೊಂಡದ್ದು ನನಗೆ ಸ್ವಲ್ಪ ಬೇಸರವನ್ನೇ ತಂದಿತು.

ಅವಳ ತಯಾರಿ ಜೋರಾಗಿತ್ತು. ಬಾಡಿಗೆ ಕಾರು ಬೇಡ, ಕಾರಿನಲ್ಲಿ ಇಳಿದರೆ ನೆಂಟರೇ, ಬಸ್ಸಿನಲ್ಲಿ ಹೋಗುವ. ಫೋನ್ ಮಾಡಿ ಹೇಳುವುದು ಬೇಡ. ಎದುರಿನ ಬಾಗಿಲು ಬೇಡ, ಪಕ್ಕದಲ್ಲಿ ಬಳಸಿಕೊಂಡು ಅಡುಗೆಮನೆಯಿಂದಲೇ ಒಳಗೆ ಹೋಗುವ. ಚಾಕಲೇಟು ಚೀಲದ ಅಡಿಯಲ್ಲಿರಲಿ, ಮೇಲೆ ಕಾಣುವ ಹಾಗೆ ಮೀನು.

"ಮೀನು ಯಾಕೆ?"

"ನೆಂಟರು ಮೀನು ತರ್ತಾರಾ? ಯೋಚನೆ ಮಾಡಿ."

ಯೋಚಿಸಿದೆ. ತರುವುದಿಲ್ಲ.

ಇನ್ನು ಉಳಿದದ್ದು ನಾನು. ಥ್ಯಾಂಕ್ಸ್ ಹೇಳಬಾರದು. ಸಾರಿ ಹೇಳಬಾರದು. ಚಮಚ ಕೇಳಬಾರದು. ಸೀಸೆಯ ನೀರು ಹೊರಗೆ ತೆಗೆಯಬಾರದು, ಬಾವಿಯ ನೀರು ಕುಡಿದು ಹೊಟ್ಟೆ ಕೆಟ್ಟರೆ ಅಲ್ಲಿಂದ ಹೊರಟ ಮೇಲೆ ಕೆಡಲಿ. "ಹಾಳಾಗುವುದಿದ್ದರೆ ಅದು ನಿಮ್ಮಿಂದಲೇ," ಎಂದಳು. ಇಪ್ಪತ್ತು ವರ್ಷ ಸಂಸಾರ ಮಾಡಿದವಳ ಮಾತು, ನಾನೂ ನಂಬಿದೆ.

ದಾರಿಯಲ್ಲಿ ಮೂಡುಬಿದಿರೆಯ ಒಂದು ಮನೆಗೆ ಹೋದೆವು. ನನ್ನ ಹಾಗೆಯೇ ವಿಮೆ ಮಾರುತ್ತಿದ್ದ ಹಳೆಯ ಗೆಳೆಯನದು. ಮೊದಲೆಲ್ಲ ನನ್ನನ್ನು ಕಂಡರೆ, "ಬಂದ್ಯಾ ಯಮನ ತಮ್ಮ," ಎನ್ನುತ್ತಿದ್ದವನು ಈ ಸಲ, "ಬನ್ನಿ ಬನ್ನಿ, ಪ್ರಯಾಣ ಹೇಗಾಯ್ತು?" ಎಂದ. ಸೋಫಾದ ಮೇಲಿನ ಬಟ್ಟೆ ಎಳೆದು ಸರಿ ಮಾಡಿದ. ಫ್ಯಾನನ್ನು ನಮ್ಮ ಕಡೆಗೆ ತಿರುಗಿಸಿದ. ಗಾಜಿನ ಲೋಟದಲ್ಲಿ ಕಿತ್ತಳೆ ಬಣ್ಣದ ಶರಬತ್ತು ಬಂತು, ಜೊತೆಗೆ ವೃತ್ತಾಕಾರವಾಗಿ ಜೋಡಿಸಿದ ಬಿಸ್ಕಿಟು. ಅಲ್ಲಿ ಚಳಿ ಹೇಗೆ ಎಂದು ಅವನು ಕೇಳಿದ, ಇಲ್ಲಿ ಸೆಕೆ ಹೇಗೆ ಎಂದು ನಾನು ಕೇಳಿದೆ. ಬಿಸ್ಕಿಟಿಗೆ ಒಂದು, ಶರಬತ್ತಿಗೆ ಒಂದು, ಫ್ಯಾನಿಗೆ ಒಂದು ಎಂದು ಮೂರು ಥ್ಯಾಂಕ್ಸ್ ಹೇಳಿದೆ.

"ನೋಡಿದಿರಾ?" ಎಂದಳು ಹೆಂಡತಿ, ಹೊರಗೆ ಬಂದ ಮೇಲೆ. ಅವಳ ಮುಖ ಬಾಡಿತ್ತು. "ಇನ್ನು ಅಕ್ಕನಲ್ಲಿಯೂ ಹೀಗೇ ಆದರೆ ನಾನು ಆ ಮನೆಗೆ ಯಾರು?"

ನಾನು ಚೀಲ ಎತ್ತಿಕೊಂಡೆ. ಬೆಳ್ತಂಗಡಿಯ ಬಸ್ಸು ಬಂದಿತ್ತು. ವೇಣೂರು ದಾಟುವಾಗ ಒಬ್ಬರು ನನ್ನ ಕಾಲು ತುಳಿದರು. ನಾನೇ ಸಾರಿ ಎಂದೆ. ಅವರು ಪರವಾಗಿಲ್ಲ ಎಂದರು.

"ಅಕ್ಕನ ಮನೆಯಲ್ಲಿ ಯಾರಾದ್ರೂ ತುಳಿದರೆ," ಎಂದಳು ಹೆಂಡತಿ ಕಿಟಕಿಯ ಹೊರಗೆ ನೋಡುತ್ತಾ, "ಬಾಯಿ ಮುಚ್ಚಿ ತುಳಿಸಿಕೊಳ್ಳಿ."

ಬೆಳ್ತಂಗಡಿಯ ಮೀನಿನ ಅಂಗಡಿಯಲ್ಲಿ ಹೆಂಡತಿ ಬಂಗುಡೆಗೆ ಹೇಳಿದಷ್ಟು ಹಣ ಕೊಡಲು ಚೀಲಕ್ಕೆ ಕೈ ಹಾಕಿದಳು. ಮೀನು ಮಾರುವವಳು ಸಂಶಯದಿಂದ ಅವಳನ್ನು ಮೇಲಿಂದ ಕೆಳಗೆ ನೋಡಿ, "ದುಬಾಯಿಂದ ಬಂದದ್ದಾ?" ಎಂದಳು. ಹೆಂಡತಿ ಎಚ್ಚೆತ್ತು, ಚೀಲ ಮುಚ್ಚಿ, ಮೀನಿನ ಕಿವಿರು ಎತ್ತಿ ನೋಡಿ, ಇದು ನಿನ್ನೆಯದ್ದೆಂದು ಶುರು ಮಾಡಿದಳು. ಆ ಚರ್ಚೆ ನೋಡಿ ನನಗೆ ಧೈರ್ಯ ಬಂತು. ಒಂದು ಬಂಗುಡೆ ಹೆಚ್ಚಿಗೆ ಹಾಕಿಸಿಕೊಂಡಳು.

ಲಾಯಿಲದಲ್ಲಿ ರಿಕ್ಷಾದಿಂದ ತಿರುವಿನಲ್ಲಿಯೇ ಇಳಿದೆವು, ಮನೆಯ ಎದುರು ರಿಕ್ಷಾ ನಿಲ್ಲುವುದೂ ನೆಂಟರ ಲಕ್ಷಣ ಎಂದು. ಗೇಟು ಸದ್ದಾಗದ ಹಾಗೆ ತೆಗೆದೆವು. ಎದುರಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮೇಲೆ ಅರ್ಧ ಹೊಲಿದ ನೀಲಿ ಚಡ್ಡಿ ಕಿಟಕಿಯಿಂದ ಕಾಣುತ್ತಿತ್ತು. ಯಂತ್ರದ ಎದುರು ಯಾರೂ ಇರಲಿಲ್ಲ. ಬಟ್ಟೆ ಒಗೆಯುವ ಕಲ್ಲು ದಾಟಿ, ಮಲಗಿದ್ದ ಬೆಕ್ಕನ್ನು ದಾಟಿ ಹಿತ್ತಲಿಗೆ ಬಂದೆವು. ಅಡುಗೆಮನೆಯ ಬಾಗಿಲು ಪೂರ್ತಿ ತೆರೆದಿತ್ತು. ಅಕ್ಕ ನಮಗೆ ಬೆನ್ನು ಹಾಕಿ ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗುವುದು ಕಷ್ಟ.

ಹೆಂಡತಿ ನನಗೆ ಒಂದು ಮಾತು ಕಲಿಸಿಕೊಟ್ಟಿದ್ದಳು. ಸೀದಾ ಒಳಗೆ ಹೋಗಿ ಮೀನನ್ನು ತೊಟ್ಟಿಗೆ ಹಾಕಿ, "ಯಾರು ಕೊಯ್ಯುವುದು ಇದನ್ನು?" ಎನ್ನಬೇಕು. ನಾನು ಆ ಮಾತನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ, ಥ್ಯಾಂಕ್ಸನ್ನೂ ಸಾರಿಯನ್ನೂ ನಾಲಗೆಯ ಅಡಿಯಲ್ಲಿ ಒತ್ತಿಹಿಡಿದು, ಕಾಲು ಎತ್ತಿದೆ.

ಟಕ್ ಟಕ್.

ಮೊದಲು ನನ್ನ ಕೈಗಳನ್ನೇ ನೋಡಿಕೊಂಡೆ. ಒಂದರಲ್ಲಿ ಮೀನು, ಒಂದರಲ್ಲಿ ಕೊಡೆ. ಹಾಗಾದರೆ ನಾನಲ್ಲ. ತಿರುಗಿ ನೋಡಿದರೆ ಹೆಂಡತಿಯ ಬೆರಳ ಗೆಣ್ಣುಗಳು ಇನ್ನೂ ಆ ತೆರೆದ ಬಾಗಿಲ ಮೇಲಿದ್ದವು. ತಲೆ ಸ್ವಲ್ಪ ವಾಲಿತ್ತು. ಮುಖದಲ್ಲಿ ಕಿವಿ ಕೇಳದ ಅಜ್ಜಿಯರಿಗೆಂದು ಕಲಿತ ಆ ನಗುವೂ ಇತ್ತು. ಆಮೇಲೆ ನಗು ಹೋಯಿತು, ಕೈ ಅಲ್ಲಿಯೇ ಉಳಿಯಿತು.

"ಯಾರು?" ಎಂದರು ಅಕ್ಕ. ತಿರುಗಿದರು. ಹೆಂಡತಿಯ ಮುಖವನ್ನು ನೋಡಿದರು, ಕೈಯನ್ನು ನೋಡಿದರು. ಕೈಯನ್ನೇ ಹೆಚ್ಚು ಹೊತ್ತು ನೋಡಿದರು.

"ಓ. ನೀವಾ. ಅಲ್ಲಿ ಯಾಕೆ ನಿಂತದ್ದು, ಎದುರಿಂದ ಬನ್ನಿ. ಕೂತ್ಕೊಳ್ಳಿ."

ಬೆಕ್ಕನ್ನು ದಾಟಿ, ಕಲ್ಲನ್ನು ದಾಟಿ, ಮೀನಿನ ಸಮೇತ ವಾಪಸು ಬಂದು ಜಗಲಿಯ ಕುರ್ಚಿಗಳಲ್ಲಿ ಕೂತೆವು. ಅಕ್ಕ ಬಂದರು. ತಟ್ಟೆಯಲ್ಲಿ ಬೆಲ್ಲದ ತುಂಡುಗಳು, ಇನ್ನೊಂದು ಕೈಯಲ್ಲಿ ನೀರಿನ ಚೆಂಬು. ಅಕ್ಕತಂಗಿಯರ ಮಾತೆಲ್ಲ ತುಳುವಿನಲ್ಲಿ, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ ಅಷ್ಟೇ.

"ಬೇಡ ಅಕ್ಕ," ಎಂದಳು ಹೆಂಡತಿ.

"ಬಾಗಿಲು ತಟ್ಟಿ ಬಂದವರಿಗೆ ಕೊಡದಿದ್ರೆ ನನ್ನ ಮರ್ಯಾದೆ ಹೋಗ್ತದೆ ಮಾರಾಯ್ತಿ."

"ಅದು ಕೆಲಸದ ಅಭ್ಯಾಸ. ಅಲ್ಲಿ ತಟ್ಟದೆ ಒಳಗೆ ಹೋಗುವ ಹಾಗಿಲ್ಲ."

"ಒಳಗಿದ್ದವರು ಬಾ ಅಂತಾರಾ?"

"ಕೆಲವರಿಗೆ ಮಾತೇ ಬರುವುದಿಲ್ಲ. ಕೆಲವರಿಗೆ ಕೇಳುವುದಿಲ್ಲ."

"ಮತ್ತೆ ಎಂತಕ್ಕೆ ತಟ್ಟುವುದು?"

"ಅವರ ಮನೆ ಅಲ್ವಾ ಅಕ್ಕ ಅದು."

ಅಕ್ಕ ತಟ್ಟೆಯನ್ನು ವಾಪಸು ತೆಗೆದುಕೊಳ್ಳಲಿಲ್ಲ. ನನ್ನ ಕಾಲ ಬಳಿಯಿದ್ದ ಪ್ಲಾಸ್ಟಿಕ್ ಚೀಲವನ್ನು ಬೆರಳಿನಿಂದ ಅಗಲಿಸಿ ಒಳಗೆ ನೋಡಿದರು.

"ಬಂಗುಡೆಯಾ? ಭಾವ, ನಿಮಗೆ ಮೋಸ ಮಾಡಿದ್ದಾರೆ. ನಿನ್ನೆಯದ್ದು ಇದು."

ನಾನು ಬಾಯಿ ತೆರೆದೆ. ಸಾರಿ ಎಂಬುದು ಹಲ್ಲಿನವರೆಗೆ ಬಂದಿತ್ತು. ಹೆಂಡತಿ ನೋಡಿದ ನೋಟಕ್ಕೆ ಅದು ವಾಪಸು ಹೋಯಿತು.

ಅಕ್ಕ ಚೀಲ ಎತ್ತಿಕೊಂಡು ಹೊಸ್ತಿಲು ದಾಟಿದರು. ಒಳಗಿನಿಂದ, ತಿರುಗಿಯೂ ನೋಡದೆ, ತಂಗಿಗೆ ಹೇಳಿದರು: "ಬೆಲ್ಲ ತಿಂದು, ನೀರು ಕುಡಿದು, ಆಮೇಲೆ ಬಾ. ಮೀನು ನೀನೇ ಕೊಯ್ಯಬೇಕು."

ಹೆಂಡತಿ ದೊಡ್ಡ ತುಂಡನ್ನೇ ಎತ್ತಿ ಬಾಯಿಗೆ ಹಾಕಿಕೊಂಡಳು. ಕೆನ್ನೆ ಉಬ್ಬಿತು, ಕಣ್ಣಿನಲ್ಲಿ ನೀರು ಬಂತು, ಮಾತಾಡಲಿಕ್ಕೆ ಆಗಲಿಲ್ಲ. ಚೆಂಬನ್ನು ನನ್ನ ಕೈಗೆ ಕೊಟ್ಟು ಎದ್ದಳು. ಒಳಗೆ ಹೋಗುವಾಗ ಬಾಗಿಲ ಹತ್ತಿರ ಅವಳ ಬಲಗೈ ಮೇಲೆ ಏಳುವುದನ್ನು ನೋಡಿದೆ. ಎಡಗೈಯಿಂದ ಅದನ್ನು ಹಿಡಿದುಕೊಂಡೇ ಒಳಗೆ ಹೋದಳು.